"ಅಲ್ಲಿ ನಿನ್ನ ಯಾರು ನೋಡ್ತಾರೆ?": ಒಬ್ಬಳೇ ಹೊರದೇಶಕ್ಕೆ ಹೊರಡೋ ಮುಂಚೆ

ಈ ಸಂಚಿಕೆಯನ್ನ ಒಂದು ವಾಯ್ಸ್ ಮೆಸೇಜ್‌ನಿಂದ ಶುರು ಮಾಡೋಣ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಒಬ್ಬ ಕೇಳುಗರು ಕಳಿಸಿದಾರೆ. ಬೆಂಗಳೂರಲ್ಲಿ ಕೆಲಸ. ದುಡ್ಡು ಕೂಡಿಟ್ಟು ನಾಲ್ಕು ದಿನ ಸಿಂಗಪುರ ನೋಡ್ಬೇಕು ಅಂತ ಆಸೆ. ಜೊತೆಗೆ ಬರ್ತೀನಿ ಅಂದಿದ್ದ ಗೆಳತಿ ಕೊನೇ ಗಳಿಗೆಯಲ್ಲಿ ಆಗಲ್ಲ ಅಂದ್ರು. "ನಾನೊಬ್ಳೇ ಹೋಗ್ತೀನಿ" ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿ ನಿನ್ನ ಯಾರು ನೋಡ್ತಾರೆ?"

ಅಮ್ಮನಿಗೆ ಏನು ಹೇಳ್ಲಿ ಅಂತ ಇವರು ಕೇಳಿದಾರೆ.

ಅಮ್ಮನ ಪ್ರಶ್ನೆಯನ್ನ ತಳ್ಳಿಹಾಕೋ ಹಾಗಿಲ್ಲ. ಊರಲ್ಲಿ ಬಸ್ ಇಳಿದ ತಕ್ಷಣ "ಯಾರ ಮನೆ ಮಗಳಮ್ಮ?" ಅಂತ ಕೇಳೋರು ಇರ್ತಾರೆ. ಕೆಲವೊಮ್ಮೆ ಅದು ಕಿರಿಕಿರಿ. ಆದ್ರೆ ಆ ಊರು ನಮಗೆ ಗೊತ್ತಿಲ್ಲದೇನೇ ಮೂರು ಕೆಲಸ ಮಾಡ್ತಿರತ್ತೆ. ನಾವು ಎಲ್ಲಿದ್ದೀವಿ ಅಂತ ಯಾರಿಗಾದ್ರೂ ಗೊತ್ತಿರತ್ತೆ. ದಾರಿ ಹೇಳೋರು ಇರ್ತಾರೆ. ಕಷ್ಟ ಅಂದ್ರೆ ಕೈಹಿಡಿಯೋರು ಇರ್ತಾರೆ. ಗೊತ್ತಿಲ್ಲದ ಊರಲ್ಲಿ ಈ ಮೂರೂ ಇರಲ್ಲ. ಹಾಗಾಗಿ ಹೊರಡೋ ಮುಂಚೆ ಮೂರನ್ನೂ ನಾವೇ ಹೊಂದಿಸ್ಕೋಬೇಕು.

ಒಂದು: ಎಲ್ಲಿದ್ದೀವಿ ಅಂತ ಗೊತ್ತಿರೋದು

ವಾಟ್ಸಾಪ್ ಲೈವ್ ಲೊಕೇಶನ್ ಹೆಚ್ಚಂದ್ರೆ 8 ಗಂಟೆ ನಡೆಯತ್ತೆ, ಆಮೇಲೆ ತಾನಾಗೇ ನಿಲ್ಲತ್ತೆ. ಗೂಗಲ್ ಮ್ಯಾಪ್ಸ್‌ನಲ್ಲಿ ನೀವು ಆಫ್ ಮಾಡೋವರೆಗೂ ಹಂಚಿಕೊಳ್ಳೋ ಆಯ್ಕೆ ಇದೆ, ನಾಲ್ಕು ದಿನಕ್ಕೆ ಅದೇ ಸರಿ. ಆದ್ರೆ ಚುಕ್ಕೆ ನಿಂತಲ್ಲೇ ನಿಂತ್ರೆ ಮನೆಯವರು ಗಾಬರಿ ಆಗ್ತಾರೆ. ಬ್ಯಾಟರಿ ಮುಗಿದ್ರೂ, ನೆಟ್ ಹೋದ್ರೂ ಹಾಗಾಗತ್ತೆ. ಅದಕ್ಕೇ ದಿನಕ್ಕೆ ಎರಡು ಸಲ ಮಾತಾಡೋ ಹೊತ್ತು ಗೊತ್ತು ಮಾಡಿ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 9:30 ಅಂದ್ರೆ ಮನೇಲಿ ಸಂಜೆ 7. ಹೋಟೆಲ್ ವಿಳಾಸ, ವಿಮಾನದ ನಂಬರ್, ಪಾಸ್‌ಪೋರ್ಟ್ ಜೆರಾಕ್ಸ್ ಮನೇಲಿ ಕಾಗದದ ಮೇಲೇ ಇರ್ಲಿ.

ಇನ್ನೊಂದು ಮಾತು. ಮನೆಯವರಿಗೆ ಹೇಳೋದನ್ನ ಇಡೀ ಊರಿಗೆ ಹೇಳ್ಬೇಡಿ. ಹೋಟೆಲ್ ಹೆಸರಿರೋ ಫೋಟೋ ಅಲ್ಲಿಂದ ಹೊರಟ ಮೇಲೆ ಸ್ಟೇಟಸ್‌ಗೆ ಹಾಕಿ.

ಎರಡು: ದಾರಿ

ಹೊಸ ಊರಲ್ಲಿ ಹೆಚ್ಚು ತಡಬಡಾಯಿಸೋದು ಇಳಿದ ಮೊದಲ ಎರಡು ಗಂಟೆ. ಅದಕ್ಕೇ ಬೆಳಕಿರುವಾಗ ಇಳಿಯೋ ವಿಮಾನ ನೋಡಿ, ಟಿಕೆಟ್ ಸ್ವಲ್ಪ ದುಬಾರಿ ಆದ್ರೂ ಪರವಾಗಿಲ್ಲ. ಚಾಂಗಿ ವಿಮಾನ ನಿಲ್ದಾಣದಿಂದ ಎಂಆರ್‌ಟಿ ರೈಲಿದೆ, ತಾನಾ ಮೆರಾದಲ್ಲಿ ಬದಲಾಯಿಸಿ ಊರೊಳಗೆ ಹೋಗ್ಬಹುದು. ರೈಲು ಇಡೀ ರಾತ್ರಿ ಓಡಲ್ಲ. ತಡವಾದ್ರೆ ನಿಲ್ದಾಣದ ಟ್ಯಾಕ್ಸಿ ಸಾಲಲ್ಲೇ ನಿಲ್ಲಿ. ಅಲ್ಲಿ ಊಬರ್ ಸಿಗಲ್ಲ, 2018ರಲ್ಲೇ ಹೊರಟುಹೋಯ್ತು. ಗ್ರ್ಯಾಬ್ ಆ್ಯಪ್ ಬಳಸ್ತಾರೆ, ಅದನ್ನ ಬೆಂಗಳೂರಲ್ಲೇ ಹಾಕ್ಕೊಳ್ಳಿ. ಮ್ಯಾಪ್ ಕೂಡ ಆಫ್‌ಲೈನ್ ಇಳಿಸ್ಕೊಳ್ಳಿ.

ಭಾರತೀಯರಿಗೆ ಸಿಂಗಪುರಕ್ಕೆ ವೀಸಾ ಬೇಕು. ಅದರ ಜೊತೆ ಇಳಿಯೋ ಮುಂಚಿನ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಆನ್‌ಲೈನ್ ತುಂಬ್ಬೇಕು. ಅದು ಪೂರ್ತಿ ಉಚಿತ. ದುಡ್ಡು ಕೇಳಿದ್ರೆ ಅದು ಸರ್ಕಾರದ ಸೈಟ್ ಅಲ್ಲ ಅಂತ ತಿಳ್ಕೊಳ್ಳಿ.

ಈಗ ಅಮ್ಮಂದಿರಿಗೆ ಒಂದು ವಿಷಯ. ಮಗಳ ಬ್ಯಾಗಿಗೆ ಗಸಗಸೆ ಹಾಕ್ಬೇಡಿ! ಪಾಯಸಕ್ಕೆ ಅಂತ ನಾವು ಕಟ್ಟಿಕೊಡೋ ಗಸಗಸೆ ಅಫೀಮು ಗಿಡದ ಬೀಜ. ಸಿಂಗಪುರ, ದುಬೈ ಎರಡೂ ಕಡೆ ಅದಕ್ಕೆ ಮಾದಕವಸ್ತು ಕಾನೂನು ಅಡ್ಡ ಬರತ್ತೆ. ವಿಮಾನ ನಿಲ್ದಾಣದಲ್ಲಿ "ಈ ಪೊಟ್ಟಣ ನಮ್ಮ ಅಣ್ಣಂಗೆ ಕೊಡಮ್ಮ" ಅಂತ ಯಾರಾದ್ರೂ ಕೊಟ್ರೂ ತಗೋಬೇಡಿ. ಸಿಂಗಪುರದಲ್ಲಿ ಮಾದಕವಸ್ತು ಸಾಗಣೆಗೆ ಮರಣದಂಡನೆವರೆಗೂ ಶಿಕ್ಷೆ ಇದೆ. ದಾಕ್ಷಿಣ್ಯಕ್ಕೆ ಬಸಿರಾಗೋ ಜಾಗ ಅದಲ್ಲ.

ಮೂರು: ಕಷ್ಟಕ್ಕೆ ಆಗೋರು

ದುಡ್ಡಿಂದ ಶುರು ಮಾಡೋಣ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ಹೊರದೇಶದ ವಹಿವಾಟು ಆಫ್ ಇರತ್ತೆ. ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಆನ್ ಮಾಡ್ಬೇಕು. ಎರಡು ಕಾರ್ಡ್ ಇಟ್ಕೊಳ್ಳಿ, ಎರಡೂ ಒಂದೇ ಪರ್ಸ್‌ನಲ್ಲಿ ಬೇಡ. ಭಾರತದ ಸಿಮ್‌ಗೆ ರೋಮಿಂಗ್ ಇಲ್ಲದಿದ್ರೆ ಒಟಿಪಿ ಬರಲ್ಲ, ಒಟಿಪಿ ಬರದಿದ್ರೆ ಖಾತೇಲಿ ದುಡ್ಡಿದ್ರೂ ಒಟಿಪಿ ಕೇಳೋ ಆನ್‌ಲೈನ್ ಪಾವತಿ ಆಗಲ್ಲ.

ಸಹಾಯಕ್ಕೆ ಸಿಂಗಪುರದಲ್ಲಿ ಪೊಲೀಸ್ 999, ಆಂಬುಲೆನ್ಸ್ 995. ಥಾಯ್ಲೆಂಡಿಗೆ ಹೋದ್ರೆ ಪ್ರವಾಸಿ ಪೊಲೀಸ್ 1155. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 112. ಸಿಂಗಪುರದಲ್ಲಿ ಕಿರುಕುಳ ತಡೆಗೇ ಅಂತ 2014ರಿಂದ ಪ್ರತ್ಯೇಕ ಕಾನೂನಿದೆ. ರೈಲಲ್ಲಿ ಯಾರಾದ್ರೂ ಮೈ ಮುಟ್ಟಿದ್ರೆ ಸುಮ್ಮನಿರ್ಬೇಡಿ. ಜಾಗ ಬದಲಾಯಿಸಿ, ಜೋರಾಗಿ ಮಾತಾಡಿ, ಸಿಬ್ಬಂದಿಗೆ ಹೇಳಿ. "ಹೊರಗಿಂದ ಬಂದೋಳು, ನನ್ನ ಮಾತು ಯಾರು ಕೇಳ್ತಾರೆ" ಅನ್ಕೋಬೇಡಿ. ದೂರು ಕೊಡೋಕೆ ಅಲ್ಲಿನ ಪ್ರಜೆ ಆಗಿರ್ಬೇಕಿಲ್ಲ.

ಪಾಸ್‌ಪೋರ್ಟ್ ಕಳೆದ್ರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತದ ಹೈಕಮಿಷನ್. ವಾಪಸ್ ಬರೋಕೆ ಮಾತ್ರ ಅವರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತಾರೆ. ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ಇಲ್ಲಿಂದ ಮನೆಯವರೂ ದೂರು ದಾಖಲಿಸ್ಬಹುದು. ಇದನ್ನ ಅಮ್ಮನಿಗೆ, ತಮ್ಮನಿಗೆ ತೋರಿಸಿಟ್ಟೇ ಹೊರಡಿ.

ಇಷ್ಟೆಲ್ಲ ಮಾಡಿದ್ರೂ ಭಯ ಪೂರ್ತಿ ಹೋಗಲ್ಲ. ಹೋಗ್ಬೇಕಾಗೂ ಇಲ್ಲ. ಯಾವುದೋ ಬೀದಿ, ಯಾರದೋ ನಗು ಸರಿ ಅನ್ನಿಸ್ಲಿಲ್ಲ ಅಂದ್ರೆ ಕಾರಣ ಹುಡುಕ್ತಾ ನಿಲ್ಬೇಡಿ, ಹೊರಟುಬಿಡಿ. "ಪಾಪ, ಏನಂದ್ಕೊಳ್ತಾರೋ" ಅನ್ನೋ ಯೋಚನೆ ಬೇಡ. ಅವರನ್ನ ನೀವು ಮತ್ತೆ ನೋಡೋದೇ ಇಲ್ಲ. ಯಾರ ಮನೆ ಮಗಳು ಅಂತ ಕೇಳೋರಿಲ್ಲದ ಊರಿನ ಅನುಕೂಲಾನೂ ಅದೇ.

ಹಾಗಾದ್ರೆ ಅಮ್ಮನಿಗೆ ಏನು ಹೇಳೋದು? "ಏನೂ ಆಗಲ್ಲ ಬಿಡಮ್ಮ" ಅಂತ ಹೇಳ್ಬೇಡಿ, ಆ ಮಾತಿಂದ ಯಾವ ತಾಯಿಗೂ ಸಮಾಧಾನ ಆಗಿಲ್ಲ. ಈ ಭಾನುವಾರ ಊರಿಗೆ ಹೋಗಿ, ಪಕ್ಕದಲ್ಲಿ ಕೂತು ಅವರ ಫೋನಲ್ಲಿ ಮ್ಯಾಪ್ ತೆಗೆದು, ನಿಮ್ಮ ಚುಕ್ಕೆ ತೋರಿಸಿ. ಇಲ್ಲಿ ಇಳೀತೀನಿ, ಇಲ್ಲಿ ಉಳ್ಕೋತೀನಿ, ಇಷ್ಟೊತ್ತಿಗೆ ಫೋನ್ ಮಾಡ್ತೀನಿ, ಮಾಡ್ಲಿಲ್ಲ ಅಂದ್ರೆ ನೀನು ಈ ನಂಬರಿಗೆ ಮಾಡು ಅಂತ ಹೇಳಿ. ಯಾರು ನೋಡ್ತಾರೆ ಅಂತ ಕೇಳಿದ್ರಲ್ಲ, ಮೊದಲು ನೀವು, ಆಮೇಲೆ ಮಲ್ಲಿಪಟ್ಟಣದಲ್ಲಿ ಕೂತ ಅವರೇ.

ಹೋಗಿ ಬನ್ನಿ. ಬಂದ ಮೇಲೆ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸಿ.