ಲಸಿಕೆ ಹಾಕಿಸಿಕೊಂಡ ಮರಿ, ಸ್ಟೀರಾಯ್ಡ್ ಮೇಲಿರುವ ನಾಯಿ

ಕಾಕರ್ ಸ್ಪ್ಯಾನಿಯೆಲ್ ತಳಿಯಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆಯೊಂದಿದೆ, ಐಎಂಎಚ್‌ಎ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೆಂಪು ರಕ್ತಕಣಗಳನ್ನು ಶತ್ರುಗಳೆಂದು ಬಗೆದು ಒಡೆಯತೊಡಗುತ್ತದೆ. ಅಂಥ ನಾಯಿಯ ಒಂದು ಹನಿ ರಕ್ತಕ್ಕೆ ಗಾಜಿನ ಪಟ್ಟಿಯ ಮೇಲೆ ಸಲೈನ್ ಬೆರೆಸಿ ಅಲುಗಿಸಿದರೆ, ಅದು ತೆಳ್ಳಗೆ ಹರಡಿಕೊಳ್ಳುವ ಬದಲು ಎಷ್ಟೋ ಸಲ ಬರಿಗಣ್ಣಿಗೇ ಕಾಣುವಂತೆ ಕೆಂಪು ಚುಕ್ಕೆಗಳಾಗಿ ಗಂಟುಗಟ್ಟುತ್ತದೆ. ವಸಡು ಬಿಳಿಚಿಕೊಳ್ಳುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರದ ಬಣ್ಣ ಗಾಢವಾಗುತ್ತದೆ. ಉಣ್ಣೆ ಕಚ್ಚಿದಾಗ ಮೈಯೊಳಗೆ ಹೊಗುವ ಬೆಬೀಸಿಯಾ ಎಂಬ ಪರೋಪಜೀವಿ ಕೂಡ ಇದನ್ನು ಕೆರಳಿಸಬಲ್ಲದು. ಉಣ್ಣೆ ಕಾಟವಿರುವ ನಮ್ಮ ಕಡೆ ವೈದ್ಯರು ಮೊದಲು ಅದನ್ನು ಹುಡುಕುವುದು ಇದಕ್ಕೇ.

ಚಿಕಿತ್ಸೆಯೆಂದರೆ ದಾರಿತಪ್ಪಿದ ಆ ವ್ಯವಸ್ಥೆಯನ್ನೇ ಅದುಮಿಡುವುದು. ಪ್ರೆಡ್ನಿಸೊಲೋನ್, ಬೇಕಾದರೆ ಜೊತೆಗೆ ಸೈಕ್ಲೊಸ್ಪೋರಿನ್, ತಿಂಗಳುಗಟ್ಟಲೆ. ಹೀಗಿರುವಾಗ ಮನೆಗೆ ಮರಿಯೊಂದು ಬರುತ್ತದೆ, ಅದಕ್ಕೆ ನಿನ್ನೆಯಷ್ಟೇ ಲಸಿಕೆ ಹಾಕಿಸಿರುತ್ತಾರೆ. ಆ ಲಸಿಕೆಯೊಳಗಿನ ವೈರಸ್ ಹಿರಿಯ ನಾಯಿಗೆ ಅಂಟಿಬಿಟ್ಟರೆ ಎಂಬ ಅಂಜಿಕೆ ಅಲ್ಲಿಂದ ಶುರು.

ಅಂಜಿಕೆ ಪೂರಾ ಪೊಳ್ಳಲ್ಲ. ಡಿಸ್ಟೆಂಪರ್, ಪಾರ್ವೊ, ಅಡೆನೊ ಮೂರಕ್ಕೂ ಸಾಮಾನ್ಯವಾಗಿ ಚುಚ್ಚುವುದು ಜೀವಂತ, ಆದರೆ ಶಕ್ತಿ ಕುಂದಿಸಿದ ವೈರಸ್‌ಗಳನ್ನು. ಇವುಗಳಲ್ಲಿ ಪಾರ್ವೊ ಲಸಿಕೆಯ ವೈರಸ್ ಮರಿಯ ಕರುಳಿನಲ್ಲಿ ಒಂದಿಷ್ಟು ಬೆಳೆದು ಕೆಲವು ದಿನ ಮಲದಲ್ಲಿ ಹೊರಬೀಳುತ್ತದೆ. ರೇಬೀಸ್ ಮತ್ತು ಲೆಪ್ಟೊಸ್ಪೈರಾ ಲಸಿಕೆಗಳಿಗೆ ಈ ಮಾತು ಸಲ್ಲದು. ಅವುಗಳಲ್ಲಿರುವುದು ಸತ್ತ ರೋಗಾಣು. ಮೂಗಿಗೆ ಹನಿ ಹಾಕುವ ಕೆನಲ್ ಕಾಫ್ ಲಸಿಕೆ ಹಾಗಲ್ಲ, ಅದರ ಜೀವಂತ ರೋಗಾಣು ಸೀನಿನಲ್ಲೇ ಹಾರಬಹುದು. ಅದನ್ನು ಹಾಕಿಸಿದ ಮರಿಯನ್ನು ಎಷ್ಟು ದಿನ ದೂರವಿಡಬೇಕೆಂದು ವೈದ್ಯರನ್ನು ಕೇಳಲೇಬೇಕು.

ಆದರೂ ಮಲದಲ್ಲಿ ಬೀಳುವ ಆ ಪಾರ್ವೊ ಕಾಡು ತಳಿಯಲ್ಲ. ಹಿರಿಯ ನಾಯಿಗೆ ಹಿಂದೆ ಸರಿಯಾಗಿ ಲಸಿಕೆ ಆಗಿದ್ದರೆ ಅದರ ರಕ್ತದಲ್ಲಿ ಪ್ರತಿಕಾಯಗಳು ಇರುತ್ತವೆ. ಮಾತ್ರೆ ಶುರುಮಾಡಿದ ತಕ್ಷಣ ಅವೆಲ್ಲ ಕರಗಿಹೋಗುವುದಿಲ್ಲ. ಸಂಶಯವಿದ್ದರೆ ಅವುಗಳ ಮಟ್ಟ ಅಳೆಯುವ ಟೈಟರ್ ಪರೀಕ್ಷೆ ಮಾಡಿಸಬಹುದು. ಹೇಗೂ ಸೂಜಿ ಹಿಡಿದಿದ್ದೇವಲ್ಲ ಎಂದು ಮರಿಯ ಜೊತೆ ಹಿರಿಯನಿಗೂ ಜೀವಂತ ಲಸಿಕೆ ಚುಚ್ಚಿಸುವುದು ಮಾತ್ರ ಕೂಡದು.

ನನ್ನ ಮಟ್ಟಿಗೆ ನಿಜವಾಗಿ ಅಂಜಬೇಕಾದದ್ದು ಲಸಿಕೆಗಲ್ಲ, ಲಸಿಕೆ ಇನ್ನೂ ಹಿಡಿಯದ ಮರಿಗೆ. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಮರಿಯನ್ನು ಕಾಯುತ್ತವೆ, ಜೊತೆಗೆ ಲಸಿಕೆಯ ವೈರಸ್ಸನ್ನೂ ಹೊಡೆದುಹಾಕುತ್ತವೆ. ಅವು ಯಾವ ವಾರ ಸಾಕಷ್ಟು ಇಳಿಯುತ್ತವೆಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದಲೇ 6ರಿಂದ 8 ವಾರಕ್ಕೆ ಶುರುಮಾಡಿ 16 ವಾರ ತುಂಬುವವರೆಗೂ ಮತ್ತೆ ಮತ್ತೆ ಚುಚ್ಚಿಸುವುದು. ನಡುವಿನ ಸಂದಿಯಲ್ಲಿ ಬೀದಿಯ ಪಾರ್ವೊ ನುಗ್ಗಿದರೆ, ಮರಿ ವಾಂತಿಭೇದಿ ಶುರುವಾಗುವ ಮೊದಲೇ ಅದನ್ನು ಹೊರಗೆ ಚೆಲ್ಲುತ್ತಿರುತ್ತದೆ. ಜಂತುಹುಳು, ಜಿಯಾರ್ಡಿಯಾ ಬೇರೆ. ಇತ್ತ ಸ್ಟೀರಾಯ್ಡ್ ಜ್ವರವನ್ನು ಮರೆಮಾಚುವುದರಿಂದ ಹಿರಿಯ ನಾಯಿಗೆ ಸೋಂಕು ತಗುಲಿದರೂ ಮೈ ಬಿಸಿಯಾಗದೆ ಇರಬಹುದು. ಊಟ ಬಿಟ್ಟಿತೆ, ಮಂಕಾಯಿತೆ ಎಂಬುದೇ ಸುಳಿವು.

ಆದ್ದರಿಂದ ಹೊಸ ಮರಿ ಮೊದಲ ಎರಡು ವಾರ ಬೇರೆ ಕೋಣೆಯಲ್ಲಿರಲಿ. ಬಟ್ಟಲು, ಹಾಸಿಗೆ, ಮಲಮೂತ್ರದ ಜಾಗ ಎಲ್ಲವೂ ಬೇರೆ ಇರಲಿ, ಮಲವನ್ನು ಆಗಿಂದಾಗ್ಗೆ ಎತ್ತಬೇಕು. ಹಿರಿಯನ ಆರೈಕೆ ಮೊದಲು ಮುಗಿಸಿ ಆಮೇಲೆ ಮರಿಯ ಕಡೆ ಹೋಗುವುದು ಒಳ್ಳೆಯದು. ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಫಿನಾಯಿಲ್ ಸುರಿಯುವ ರೂಢಿ. ಪಾರ್ವೊ ಮಟ್ಟಿಗೆ ಅದನ್ನು ನಂಬುವಂತಿಲ್ಲ. ಕೊಳೆ ತೊಳೆದ ಮೇಲೆ ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹಚ್ಚಿ, 10 ನಿಮಿಷ ಹಾಗೇ ಬಿಡಬೇಕು. ಮಣ್ಣಿಗೆ ಈ ಉಪಾಯ ನಾಟುವುದಿಲ್ಲ, ಅಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ.

ಆಮೇಲೆ ಮರಿಯ ಹಾಲುಹಲ್ಲುಗಳು. ಸೂಜಿಯಷ್ಟು ಚೂಪು. ಸ್ಟೀರಾಯ್ಡಿನಿಂದ ಚರ್ಮ ತೆಳುವಾದ ನಾಯಿಗೆ ಆಟದ ಕಡಿತವೂ ಬೇಗ ಮಾಯದ ಗಾಯ. ಪ್ಲೇಟ್‌ಲೆಟ್ ಕೂಡ ಕಡಿಮೆಯಿದ್ದರೆ ರಕ್ತ ನಿಲ್ಲುವುದೇ ಕಷ್ಟ. ಭೇಟಿ ಮಾಡಿಸುವಾಗ ಇಬ್ಬರಿಗೂ ಹಗ್ಗವಿರಲಿ, ಹೊತ್ತು ಕಡಿಮೆಯಿರಲಿ. ಮರಿ ಹೊಂದಿಕೊಳ್ಳುವವರೆಗೆ ಮಾತ್ರೆ ನಿಲ್ಲಿಸಿದರೆ ಹಿರಿಯನಿಗೆ ಶಕ್ತಿ ಬರುತ್ತದಲ್ಲ ಎಂದು ಕೆಲವರು ಲೆಕ್ಕ ಹಾಕುವುದುಂಟು. ಪ್ರೆಡ್ನಿಸೊಲೋನನ್ನು ಥಟ್ಟನೆ ಬಿಟ್ಟರೆ ಹಳೆಯ ಕಾಯಿಲೆ ಮರುಕಳಿಸಬಹುದು. ಇಷ್ಟು ದಿನ ಮಾತ್ರೆಯಿಂದಾಗಿ ಸುಮ್ಮನಿದ್ದ ಅಡ್ರಿನಲ್ ಗ್ರಂಥಿ ಒಮ್ಮೆಲೇ ಎಚ್ಚೆತ್ತುಕೊಳ್ಳುವುದೂ ಇಲ್ಲ. ಡೋಸ್ ಇಳಿಸುವುದಾದರೆ ವೈದ್ಯರು ರಕ್ತ ಪರೀಕ್ಷೆ ನೋಡಿ, ವಾರಗಟ್ಟಲೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ.