ಆಪರೇಷನ್ ಆದ್ಮೇಲೆ ಎಷ್ಟು ನೋವಾಗುತ್ತೆ? ಮೊದಲೇ ಹೇಳಬಹುದಾ?

ಚಿಕ್ಕ ಆಪರೇಷನ್ ಆದ್ರೆ ಚಿಕ್ಕ ನೋವು, ದೊಡ್ಡದಾದ್ರೆ ದೊಡ್ಡ ನೋವು. ನೀವೂ ಹೀಗೇ ಅಂದ್ಕೊಂಡಿದ್ದೀರಾ?

ಜರ್ಮನಿಯ 105 ಆಸ್ಪತ್ರೆಗಳಲ್ಲಿ 50 ಸಾವಿರಕ್ಕೂ ಹೆಚ್ಚು ರೋಗಿಗಳನ್ನ ಆಪರೇಷನ್ ಆದ ಮಾರನೇ ದಿನ ಕೇಳಿದ್ರು: ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವಿಗೆ ಎಷ್ಟು ಅಂಕ ಕೊಡ್ತೀರಿ?

2013ರಲ್ಲಿ ಫಲಿತಾಂಶ ಹೊರಬಂತು. ಅಪೆಂಡಿಕ್ಸ್, ಟಾನ್ಸಿಲ್, ಮೂಲವ್ಯಾಧಿ, ಇಂಥ 'ಸಣ್ಣ' ಆಪರೇಷನ್‌ಗಳಲ್ಲೂ ನೋವು ಜೋರಾಗಿತ್ತು! ಹೊಟ್ಟೆಯ ಕೆಲವು ದೊಡ್ಡ ಆಪರೇಷನ್ ಆದವರಿಗೆ ಅಷ್ಟು ನೋವಿರಲಿಲ್ಲ. ಯಾಕೆ? ದೊಡ್ಡದಕ್ಕೆ ಹಲವು ಸಲ ಬೆನ್ನಿನ ಮೂಲಕ ಎಪಿಡ್ಯೂರಲ್ ಕೊಟ್ಟು ನೋವು ತಡೀತಾರೆ. ಸಣ್ಣದು ಅಂದ್ಕೊಂಡ ಕಡೆ ನೋವಿನ ಔಷಧಿಯೂ ಕಮ್ಮಿಯಾಗುತ್ತೆ.

ಹಾಗಾದ್ರೆ ನೋವನ್ನ ಮೊದಲೇ ಅಂದಾಜು ಮಾಡೋಕಾಗುತ್ತಾ? ಪೂರ್ತಿ ಅಲ್ಲ, ಆದ್ರೆ ಸುಳಿವುಗಳಿವೆ.

ಒಂದು, ಈಗಾಗಲೇ ಇರುವ ನೋವು. ತಿಂಗಳುಗಟ್ಟಲೆ ಮಂಡಿನೋವೋ ಬೆನ್ನುನೋವೋ ಇದ್ರೆ ನರಗಳು ಮೊದಲೇ ಸೂಕ್ಷ್ಮವಾಗಿರ್ತವೆ.
ಎರಡು, ಭಯ, ಆತಂಕ.
ಮೂರು, ವಯಸ್ಸು. ವಯಸ್ಸಾದವರಿಗಿಂತ ಚಿಕ್ಕ ವಯಸ್ಸಿನವರೇ ಹೆಚ್ಚು ನೋವು ಹೇಳ್ತಾರೆ.
ನಾಲ್ಕು, ಯಾವ ಆಪರೇಷನ್ ಅನ್ನೋದು.

ಈ ಸುಳಿವು ಮೊದಲೇ ಸಿಕ್ಕರೆ, ಅರಿವಳಿಕೆ ವೈದ್ಯರು ನಿಮಗೆ ಹೊಂದುವಂತೆ ನೋವು ತಡೆಯೋ ಯೋಜನೆ ಮಾಡ್ಕೋಬಹುದು.

ಅದಕ್ಕೇ ಆಪರೇಷನ್‌ಗೆ ಮುಂಚೆ ಹಳೇ ನೋವು, ತಗೋತಿರೋ ಮಾತ್ರೆ, ಮನಸ್ಸಲ್ಲಿರೋ ಭಯ, ಎಲ್ಲವನ್ನೂ ವೈದ್ಯರಿಗೆ ಹೇಳಿ. ಆಪರೇಷನ್ ಆದ್ಮೇಲೂ ಅಷ್ಟೇ, ಹಲ್ಲು ಕಚ್ಚಿಕೊಂಡು ಸಹಿಸಬೇಡಿ. ನೋವು ಕಮ್ಮಿಯಿದ್ರೆ ಆಳವಾಗಿ ಉಸಿರಾಡೋಕೆ, ಬೇಗ ಎದ್ದು ಓಡಾಡೋಕೆ ಆಗುತ್ತೆ. ನೋವಾದ್ರೆ ಬಾಯಿ ಬಿಟ್ಟು ಹೇಳಿ.