ನಂಬರು ಬೇರೆ, ನಂಟು ಬೇರೆ

ಕಮರ್ಷಿಯಲ್ ಸ್ಟ್ರೀಟಿನ ಮ್ಯಾಚಿಂಗ್ ಸೆಂಟರಿಗೆ ಸೀರೆ ಹಿಡಿದು ಹೋದವರು ಥಾನಿನ ನಂಬರು ನೋಡಿ ಬ್ಲೌಸ್ ಪೀಸ್ ಆರಿಸುವುದಿಲ್ಲ, ಬಟ್ಟೆಯ ಮೇಲೆ ಬಟ್ಟೆ ಇಟ್ಟು ನೋಡುತ್ತಾರೆ. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ವಿಷಯದಲ್ಲಿ ಮಾತ್ರ ವಿಜ್ಞಾನಿಗಳು ಬಹುಕಾಲ ನಂಬರಿಗೇ ಜೋತುಬಿದ್ದರು. 1970ರಲ್ಲಿ ಬರ್ಲಿನ್ನಿನ ಕಾಲ್ಟ್‌ಶ್ಮಿಟ್ ಮತ್ತು ವಿಟ್‌ಮನ್ ಇ. ಕೋಲಿ ಬ್ಯಾಕ್ಟೀರಿಯಾದ ರೈಬೋಸೋಮಿನ ಪ್ರೋಟೀನುಗಳನ್ನು ಜೆಲ್‌ನಲ್ಲಿ ಎರಡು ದಿಕ್ಕಿಗೆ ಹರಿಸಿ ಬೇರ್ಪಡಿಸಿದರು. ಮೂಡಿದ ಚುಕ್ಕೆಗಳಿಗೆ ಸಾಲಾಗಿ ಹೆಸರು ಬಿತ್ತು: ಸಣ್ಣ ಭಾಗದವು ಎಸ್1ರಿಂದ ಎಸ್21, ದೊಡ್ಡ ಭಾಗದವು ಎಲ್1ರಿಂದ ಎಲ್34. ಅಂದಿಗೆ ಅದು ದೊಡ್ಡ ಸಾಧನೆಯೇ. ಆಮೇಲೆ ಚುಕ್ಕೆಗಳ ಗುಟ್ಟು ಒಂದೊಂದಾಗಿ ರಟ್ಟಾಯಿತು. ತುದಿಗೆ ಅಸಿಟೈಲ್ ಗುಂಪು ಅಂಟಿದ ಎಲ್12ನ್ನೇ ಎಲ್7 ಎಂದು ಎಣಿಸಲಾಗಿತ್ತು. ಎಲ್26 ಮತ್ತು ಎಸ್20 ಒಂದೇ. ಎಲ್8 ಎಂಬ ಬಿಡಿ ಪ್ರೋಟೀನೇ ಇರಲಿಲ್ಲ. ಅದು ಎಲ್10ನ್ನು ಕಚ್ಚಿಕೊಂಡ ಎಲ್7, ಎಲ್12ರ ಗುಂಪು. ಮನುಷ್ಯನಲ್ಲಿ ಎಲ್8 ಎಂಬ ಪ್ರೋಟೀನ್ ನಿಜಕ್ಕೂ ಇದೆ, ಆದರೆ ಅದರ ಬಂಧು ಬ್ಯಾಕ್ಟೀರಿಯಾದ ಎಲ್2.

ಈ ನಂಟನ್ನು ತೋರಿಸಿಕೊಡುವುದು ಅಮೈನೊ ಆಮ್ಲಗಳ ಸಾಲು. ಜಿನೀವಾದ ಅಮೋಸ್ ಬೈರೋಕ್ 1989ರಲ್ಲಿ ಹೊರತಂದ ಪ್ರೊಸೈಟ್ ಸಂಗ್ರಹದಲ್ಲಿ ಪ್ರೋಟೀನ್ ಕುಟುಂಬಗಳನ್ನು ಗುರುತಿಸುವುದು ಪುಟ್ಟ ಸಹಿಗಳಿಂದ. ಎಲ್2 ಕುಟುಂಬದ ಸಹಿ ಹನ್ನೆರಡು ಸ್ಥಾನಗಳದ್ದು. ಮೊದಲು ಪ್ರೋಲೀನ್, ಮುಂದಿನ ಎರಡು ಯಾವುದಾದರೂ ಸರಿ, ಆಮೇಲೆ ಆರ್ಜಿನೀನ್, ಗ್ಲೈಸೀನ್ ಇರಲೇಬೇಕು, ಒಂಬತ್ತನೆಯದು ಆಸ್ಪರಜೀನ್. ಇ. ಕೋಲಿ ಮತ್ತು ಮನುಷ್ಯನ ಸಾಲುಗಳನ್ನು ಪಕ್ಕಪಕ್ಕ ಇಟ್ಟರೆ ಹನ್ನೆರಡರಲ್ಲಿ ಒಂಬತ್ತು ಅಕ್ಷರ ಒಂದೇ. ಕೊನೆಯಲ್ಲಿ ಒಂದರಲ್ಲಿ ಆಸ್ಪಾರ್ಟಿಕ್ ಆಮ್ಲ, ಇನ್ನೊಂದರಲ್ಲಿ ಗ್ಲುಟಾಮಿಕ್ ಆಮ್ಲ: ಅಕ್ಷರ ಬದಲಾದರೂ ಗುಣ ಬದಲಾಗಿಲ್ಲ. ಎಲ್2 ಇರುವುದು ಅಮೈನೊ ಆಮ್ಲಗಳ ಬೆಸುಗೆ ನಡೆಯುವ ಜಾಗದ ಹತ್ತಿರ. ಅಲ್ಲಿ ಏರುಪೇರಾದರೆ ಜೀವಿಗೇ ಕುತ್ತು.

ಇಂಥ ಸಹಿ ತೀರಾ ಬಿಗಿ, ಒಂದು ಅಕ್ಷರ ತಪ್ಪಿದರೂ ಸ್ವಂತ ಬಂಧುವನ್ನೇ ಹೊರಗಿಡುತ್ತದೆ ಎಂಬ ಆಕ್ಷೇಪ ಇದೆ. ಅದು ನ್ಯಾಯವೇ. ದೂರದ ಸಂಬಂಧಗಳಲ್ಲಿ ಅಕ್ಷರಗಳು ಅಳಿಸಿಹೋದರೂ ಆಕಾರ ಉಳಿದಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಶ್ರೀನಿವಾಸನ್ ತಂಡ 2001ರಲ್ಲಿ ಪ್ರಕಟಿಸಿದ ಪಾಲಿ ಸಂಗ್ರಹ ಅದಕ್ಕೇ ಒಂದೇ ಕುಟುಂಬದ ಪ್ರೋಟೀನುಗಳ ರಚನೆಗಳನ್ನೇ ಒಂದಕ್ಕೊಂದು ಹೊಂದಿಸಿ ನೋಡಿತು. ಇಡೀ ಸಾಲನ್ನು ತೂಗಿ ಅಂಕ ಕೊಡುವ ಗಣಿತ ಮಾದರಿಗಳೂ ಬಂದಿವೆ, ಅವು ಹೆಚ್ಚು ಬಂಧುಗಳನ್ನು ಹಿಡಿಯುತ್ತವೆ ಕೂಡ. ಹಾಗೆಂದು ಹಳೆಯ ಸಹಿಗಳನ್ನು ಮೂಲೆಗೆ ತಳ್ಳುವುದು ಸರಿಯಲ್ಲ. ಮಾದರಿ ಕೊಡುವ ಅಂಕವನ್ನು ನಂಬಬೇಕಷ್ಟೆ. ಸಹಿಯನ್ನು ವಿದ್ಯಾರ್ಥಿಯೂ ಕಣ್ಣಾರೆ ಓದಿ, ಇದು ಯಾಕೆ ಇಲ್ಲಿ ಎಂದು ಜಗಳ ತೆಗೆಯಬಹುದು.

ನೆನಾದ್ ಬಾನ್ ಮತ್ತು ಸಂಗಡಿಗರು 2014ರಲ್ಲಿ ಬಂಧುತ್ವ ನೋಡಿ ಹೊಸ ಹೆಸರು ಸೂಚಿಸಿದರು: ಎಲ್ಲ ಜೀವಿಗಳಲ್ಲೂ ಇರುವುದಕ್ಕೆ ‘ಯು’ ಸೇರಿಸಿ ಯುಎಲ್2. ಹಳೆಯ ಲೇಖನಗಳನ್ನು ಓದಲು ತೊಡಕಾದೀತು ಎನ್ನುವವರಿದ್ದಾರೆ. ಹಳೆಯ ಹೆಸರನ್ನೂ ಪಕ್ಕದಲ್ಲಿ ಬರೆದರೆ ಆ ತೊಡಕು ನೀಗುತ್ತದೆ. ಆದರೂ ಮನುಷ್ಯನ ಜೀನುಗಳ ಅಧಿಕೃತ ಪಟ್ಟಿಯಲ್ಲಿ ಈ ಪ್ರೋಟೀನಿನ ಜೀನಿನ ಹೆಸರು ಇನ್ನೂ ಆರ್‌ಪಿಎಲ್8.